ಪ್ರೂಫ್ ನಾಣ್ಯಕ್ಕೆ ಪಾಲಿಶ್ ಹಾಕಿಸಬಹುದೇ?

ಪ್ರಶ್ನೆ: ಹೊಸ ಸಂಸತ್ ಭವನದ ನೆನಪಿಗೆ 2023ರಲ್ಲಿ ಹೊರಬಂದ 75 ರೂಪಾಯಿಯ ಪ್ರೂಫ್ ನಾಣ್ಯದ ಅಂಚು ಈ ಮಳೆಗಾಲದಲ್ಲಿ ಕಂದು ಬಣ್ಣಕ್ಕೆ ತಿರುಗಿದೆ. ಕೆನಡಾದಲ್ಲಿರುವ ಭಾವ ಕೊಟ್ಟ 2015ರ ಬೆಳ್ಳಿಯ ಮೇಪಲ್ ಲೀಫ್ ನಾಣ್ಯದ ಮೇಲೆ ಹಾಲಿನ ಬಣ್ಣದ ಕಲೆಗಳೆದ್ದಿವೆ. ಪರಿಚಯದ ಚಿನ್ನದಂಗಡಿಯವರು ಎರಡಕ್ಕೂ ಪಾಲಿಶ್ ಹಾಕಿಕೊಡುವುದಾಗಿಯೂ, ಮಾರುವುದಾದರೆ ಬೆಳ್ಳಿಯ ತೂಕಕ್ಕೆ ಮಾತ್ರ ದರ ಕಟ್ಟುವುದಾಗಿಯೂ ಹೇಳುತ್ತಾರೆ. ಏನು ಮಾಡಲಿ? ಮುಂದೆ ಪ್ರೂಫ್ ಕೊಳ್ಳಲೇ, ಮೇಪಲ್ ಲೀಫ್‌ನಂತೆ ಲೋಹದ ಬೆಲೆಗಾಗಿಯೇ ಕೊಳ್ಳುವ ಬುಲಿಯನ್ ಕೊಳ್ಳಲೇ?
– ಓದುಗರೊಬ್ಬರು, ಮಲ್ಪೆ

ಉತ್ತರ: ಪಾಲಿಶ್‌ಗೆ ಖಂಡಿತ ಕೊಡಬೇಡಿ. ನುಣುಪುಗೊಳಿಸಿದ ಅಚ್ಚುಗಳ ನಡುವೆ ಒಂದಕ್ಕಿಂತ ಹೆಚ್ಚು ಸಲ ಒತ್ತಿ ತೆಗೆಯುವುದರಿಂದಲೇ, ಸಂಗ್ರಾಹಕರಿಗೆಂದು ಮಾಡುವ ಪ್ರೂಫ್ ನಾಣ್ಯದ ಚಿತ್ರವಿಲ್ಲದ ಬಯಲು ಕನ್ನಡಿಯಾಗಿ, ಚಿತ್ರ ಮಸುಕು ಬಿಳುಪಿನಲ್ಲಿ ಎದ್ದು ನಿಲ್ಲುತ್ತದೆ. ನೀವು ಹೆಚ್ಚಾಗಿ ತೆತ್ತ ಹಣವೆಲ್ಲ ಆ ಮೇಲ್ಮೈಗೆ ಸಂದದ್ದು. ದೇವರ ಕೋಣೆಯ ದೀಪಕ್ಕೆ ಒಗ್ಗುವ ವಿಭೂತಿಯೇ ಆಗಲಿ, ಅಂಗಡಿಯ ಪಾಲಿಶ್ ಚಕ್ರವೇ ಆಗಲಿ ಒಮ್ಮೆ ತಗುಲಿದರೆ ಕೂದಲೆಳೆಯಷ್ಟು ಸಣ್ಣ ಗೀರುಗಳು ಮೂಡುತ್ತವೆ, ಬೆಳಕಿಗೆ ಓರೆಯಾಗಿ ಹಿಡಿದ ಸಂಗ್ರಾಹಕರಿಗೆ ಅವು ಕೂಡಲೇ ಕಾಣುತ್ತವೆ.

ತೂಕದ ಲೆಕ್ಕವನ್ನೂ ನೋಡಿ. 35 ಗ್ರಾಂ ತೂಗುವ ಆ 75 ರೂಪಾಯಿಯ ನಾಣ್ಯದಲ್ಲಿ ಬೆಳ್ಳಿ ಶೇ 50 ಮಾತ್ರ. ಉಳಿದದ್ದು ಶೇ 40 ತಾಮ್ರ, ತಲಾ ಶೇ 5 ನಿಕ್ಕಲ್ ಮತ್ತು ಸತು. ಅಂದರೆ ಹದಿನೇಳೂವರೆ ಗ್ರಾಂ ಬೆಳ್ಳಿ. ಅದನ್ನು ತೂಕಕ್ಕೆ ಮಾರಿದರೆ ಪ್ರೂಫ್ ಮೇಲ್ಮೈಗೆ ಬೆಲೆಯೇ ಸಿಗುವುದಿಲ್ಲ. ಇಷ್ಟು ತಾಮ್ರವಿರುವ ಮಿಶ್ರಲೋಹ ಆಟಿಯ ತೇವದಲ್ಲಿ, ಅದೂ ಕಡಲ ಬದಿಯಲ್ಲಿ, ಬಣ್ಣ ತಿರುಗುವುದು ಸಹಜ.

ಮೇಪಲ್ ಲೀಫ್‌ನ ಕಲೆಗೆ ನಿಮ್ಮ ಕೈ ಕಾರಣವಲ್ಲ. 9999 ಶುದ್ಧತೆಯ, ಅಂದರೆ ಶೇ 99.99 ಬೆಳ್ಳಿಯ ಆ ನಾಣ್ಯಗಳಿಗೆ ಇದು ಹಳೆಯ ಪಿಡುಗು. ಅದನ್ನು ತಡೆಯಲೆಂದೇ ಕೆನಡಾದ ಟಂಕಸಾಲೆ 2018ರಲ್ಲಿ ‘ಮಿಂಟ್‌ಶೀಲ್ಡ್’ ಎಂಬ ವಿಧಾನವನ್ನು ತಂದಿತು. ಆದರೂ ಒಂದು ಟ್ರಾಯ್ ಔನ್ಸ್, ಅಂದರೆ 31.1 ಗ್ರಾಂ ಬೆಳ್ಳಿ ಕಲೆಯಿಂದ ಕಡಿಮೆಯಾಗುವುದಿಲ್ಲ.

ನನಗೆ ಹೆಚ್ಚು ಚಿಂತೆ ನೀವು ಅವನ್ನು ಇಟ್ಟಿರುವ ಜಾಗದ್ದು. ಮೆದುವಾದ ಪಿವಿಸಿ ಹಾಳೆಗಳ ಆಲ್ಬಂ ಆಗಿದ್ದರೆ ಇಂದೇ ಹೊರತೆಗೆಯಿರಿ. ಸೆಕೆಗೆ ಆ ಪ್ಲಾಸ್ಟಿಕ್ ಕೆಟ್ಟು ನಾಣ್ಯಕ್ಕೆ ಹಸಿರು ಅಂಟು ಹಿಡಿಯುತ್ತದೆ. ಗಟ್ಟಿ ಅಕ್ರಿಲಿಕ್ ಕ್ಯಾಪ್ಸೂಲಿನಲ್ಲಿ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಪೊಟ್ಟಣವನ್ನು ಮಳೆಗಾಲದುದ್ದಕ್ಕೂ ಆಗಾಗ ಬದಲಿಸುತ್ತಿರಿ. ಗಂಧಕವಿರುವ ರಬ್ಬರ್ ಬ್ಯಾಂಡ್ ಬೆಳ್ಳಿಯನ್ನು ಕಪ್ಪಾಗಿಸುವುದರಿಂದ ಅದು ಡಬ್ಬಿಯ ಹತ್ತಿರವೂ ಬೇಡ. ನಾಣ್ಯವನ್ನು ಅಂಚಿನಲ್ಲೇ ಹಿಡಿಯಿರಿ, ಅದರ ಮೇಲೆ ಬಾಗಿ ಮಾತಾಡಬೇಡಿ: ಎಂಜಲಿನ ಹನಿಯೂ ಕಲೆಯಾಗುತ್ತದೆ.

ಬೆಳ್ಳಿಯನ್ನು ಬೆಳ್ಳಿಯಾಗಿ ಕೂಡಿಡುವುದಿದ್ದರೆ ಬುಲಿಯನ್ ಸಾಕು. ಸಣ್ಣಪುಟ್ಟ ಕಲೆಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಪ್ರೂಫ್ ಕೊಳ್ಳುವುದಾದರೆ ವಿನ್ಯಾಸ ಮೆಚ್ಚಿ ಕೊಳ್ಳಿ, ಟಂಕಸಾಲೆಯ ಪೆಟ್ಟಿಗೆ ಮತ್ತು ಪ್ರಮಾಣಪತ್ರವನ್ನು ಜೋಪಾನವಾಗಿಡಿ, ಮತ್ತು ಮಾರುವಾಗ ಚಿನ್ನದಂಗಡಿಗೆ ಹೋಗದೆ ನಾಣ್ಯ ಸಂಗ್ರಾಹಕರನ್ನು ಹುಡುಕಿ.