4294967297 ಅವಿಭಾಜ್ಯ ಸಂಖ್ಯೆ ಅಲ್ಲವೆಂದು ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಹೇಗೆ ಗೊತ್ತಾಯಿತು?

ಅದು 641ರಿಂದ ಶೇಷವಿಲ್ಲದೆ ಭಾಗವಾಗುತ್ತದೆ: 641 × 6700417. ಇದನ್ನು 1732ರಲ್ಲಿ ತೋರಿಸಿದವರು ಗಣಿತಜ್ಞ ಲಿಯೊನಾರ್ಡ್ ಆಯ್ಲರ್.

32 ಎರಡುಗಳನ್ನು ಒಂದಕ್ಕೊಂದು ಗುಣಿಸಿ 1 ಕೂಡಿಸಿದರೆ ಬರುವ ಸಂಖ್ಯೆ ಇದು. 1 ಮತ್ತು ತನ್ನನ್ನು ಬಿಟ್ಟರೆ ಬೇರೆ ಯಾವುದರಿಂದಲೂ ಇದು ಭಾಗವಾಗದು, ಅಂದರೆ ಅವಿಭಾಜ್ಯ, ಎಂದೇ 17ನೇ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಫರ್ಮಾ ನಂಬಿದ್ದರು.

ಸಿಕ್ಕಸಿಕ್ಕ ಸಂಖ್ಯೆಯಿಂದೆಲ್ಲ ಭಾಗಿಸಿ ನೋಡಬೇಕಿಲ್ಲ. ಇದನ್ನು ಭಾಗಿಸುವ ಯಾವುದೇ ಅವಿಭಾಜ್ಯ ಸಂಖ್ಯೆಯಿಂದ 1 ಕಳೆದರೆ 64ರ ಗುಣಕವೇ ಬರಬೇಕು. ಇದನ್ನು ಸಾಧಿಸಿದವರೂ ಆಯ್ಲರ್. ಹಾಗೆ ಸೋಸಿದರೆ ಉಳಿಯುವುದು 193, 257, 449, 577, 641... ಐದನೆಯದಕ್ಕೇ ಉತ್ತರ! ಈ ನಿಯಮ ಹುಟ್ಟುವುದು ಫರ್ಮಾ ಅವರದೇ ಒಂದು ಪ್ರಮೇಯದಿಂದ. ಅವರ ಕೈಗೇ ಇದು ಎಟುಕದೆ ಹೋದದ್ದು ನನಗಂತೂ ಸೋಜಿಗ. ಅಂದಹಾಗೆ, 6700417 ಅವಿಭಾಜ್ಯವೇ.