ಹೇಳದೆ ಉಳಿದದ್ದನ್ನು ಊಹಿಸುವುದು: ಹದಿಹರೆಯದ ಹುಡುಗನೊಬ್ಬನ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ದಕ್ಷಿಣ ಬೆಂಗಳೂರಿನ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿ ಓದುತ್ತಿದ್ದ ಹುಡುಗನನ್ನು ವಾಕ್ ಚಿಕಿತ್ಸೆಗೆ ಕರೆತಂದ ಪೋಷಕರ ದೂರು ಒಂದೇ ಸಾಲಿನದಾಗಿತ್ತು: ‘ಮಾತು ಚೆನ್ನಾಗಿ ಆಡ್ತಾನೆ, ಆದರೆ ಯಾರ ಮನಸ್ಸೂ ಇವನಿಗೆ ಅರ್ಥವಾಗಲ್ಲ.’ ಅವನಿಗೆ ಆಟಿಸಂ (ಇತರರೊಡನೆ ಬೆರೆಯುವ, ಸಂವಹನ ನಡೆಸುವ ರೀತಿ ಭಿನ್ನವಾಗಿರುವ ಬೆಳವಣಿಗೆಯ ಸ್ಥಿತಿ) ಇರುವುದನ್ನು ಮನೋವೈದ್ಯರು ಮೊದಲೇ ಖಚಿತಪಡಿಸಿದ್ದರು. ಶ್ರವಣ ಪರೀಕ್ಷೆಯಲ್ಲಿ ತೊಂದರೆ ಕಂಡಿರಲಿಲ್ಲ. ಪದಸಂಪತ್ತೂ ವ್ಯಾಕರಣವೂ ವಯಸ್ಸಿಗೆ ತಕ್ಕಂತೆಯೇ ಇದ್ದವು.

ತಾಯಿ ಎರಡು ಘಟನೆಗಳನ್ನು ಹೇಳಿದರು. ಕಬ್ಬನ್ ಪಾರ್ಕಿನ ರಾಜ್ಯ ಕೇಂದ್ರ ಗ್ರಂಥಾಲಯಕ್ಕೆ ಹೋಗೋಣವೇ ಎಂದು ಹುಡುಗ ಕೇಳಿದಾಗ ಗೆಳೆಯ ಮೊಬೈಲಿನಿಂದ ತಲೆಯೆತ್ತದೆ ‘ನೋಡೋಣ ಬಿಡೋ’ ಎಂದಿದ್ದ. ಇವನು ಹೋಗಿ ಆ ಕೆಂಪು ಕಟ್ಟಡದ ಮುಂದೆ ಬಹಳ ಹೊತ್ತು ಕಾದ; ಮರುದಿನ ತರಗತಿಯಲ್ಲಿ ಎಲ್ಲರೆದುರು ಗೆಳೆಯನನ್ನು ಸುಳ್ಳುಗಾರನೆಂದು ಕರೆದ. ಇನ್ನೊಂದು ಮನೆಯೊಳಗಿನದು. ಮೋಡ ಕವಿದಿತ್ತು, ತಾರಸಿಯ ಮೇಲೆ ಬಟ್ಟೆ ಒಣಗುತ್ತಿದ್ದವು, ಅಜ್ಜಿ ‘ಯಾಕೋ ಇವತ್ತು ಮೆಟ್ಟಿಲು ಹತ್ತೋಕೆ ಆಗ್ತಿಲ್ಲಪ್ಪ’ ಎಂದರು. ‘ಹಾಗಾದ್ರೆ ಮೂಳೆ ಡಾಕ್ಟರಿಗೆ ತೋರಿಸಿ’ ಎಂದು ಹೇಳಿ ಅವನು ಪುಸ್ತಕಕ್ಕೆ ಮರಳಿದ. ಸಲಹೆಯೇನೋ ಸರಿಯಾದದ್ದೇ, ಬಟ್ಟೆ ಮಾತ್ರ ನೆನೆದವು.

ಇಂಥ ಮಕ್ಕಳಿಗೆ ನಗು, ಕೋಪ, ಭಯದ ಮುಖಗಳಿರುವ ಚಿತ್ರಕಾರ್ಡುಗಳನ್ನು ತೋರಿಸಿ ಹೆಸರು ಹೇಳಿಸುವ ರೂಢಿ ಇನ್ನೂ ಇದೆ. ಹದಿಹರೆಯದವರಿಗೆ ಇದರಿಂದ ಹೆಚ್ಚು ಪ್ರಯೋಜನವಿಲ್ಲ ಎಂಬುದು ನನ್ನ ಅಭಿಪ್ರಾಯ. ಈ ಹುಡುಗ ಎಲ್ಲ ಕಾರ್ಡುಗಳನ್ನೂ ಸರಿಯಾಗಿ ಗುರುತಿಸಿದ. ಒಬ್ಬಳು ಬುಟ್ಟಿಯಲ್ಲಿಟ್ಟುಹೋದ ಗೋಲಿಯನ್ನು ಇನ್ನೊಬ್ಬಳು ಡಬ್ಬಿಗೆ ಹಾಕಿದರೆ, ಮೊದಲನೆಯವಳು ಮರಳಿ ಬಂದು ಎಲ್ಲಿ ಹುಡುಕುತ್ತಾಳೆ ಎಂದು ಕೇಳುವ, 1985ರಲ್ಲಿ ಮನೋವಿಜ್ಞಾನಿ ಬ್ಯಾರನ್-ಕೋಹೆನ್ ಮತ್ತು ಸಂಗಡಿಗರು ಆಟಿಸಂ ಇರುವ ಮಕ್ಕಳ ಮೇಲೆ ಬಳಸಿದ ಪರೀಕ್ಷೆಯನ್ನೂ ಸುಲಭವಾಗಿ ದಾಟಿದ. ಆದರೆ ವ್ಯಂಗ್ಯ, ಸೌಜನ್ಯದ ಸುಳ್ಳು, ಸುತ್ತಿ ಬಳಸಿ ಕೇಳುವ ಕೋರಿಕೆ ಇರುವ ಪುಟ್ಟ ಕಥೆಗಳನ್ನು ಓದಿಸಿ ‘ಅವರು ಹಾಗೇಕೆ ಹೇಳಿದರು?’ ಎಂದು ಕೇಳಿದಾಗ ತಡವರಿಸಿದ. ಮಾತು, ಸಂದರ್ಭ, ಆಡಿದವರ ಸ್ಥಿತಿ ಈ ಮೂರನ್ನೂ ಒಟ್ಟಿಗೆ ತೂಗಿ ನೋಡುವಲ್ಲಿ ಅವನಿಗೆ ತೊಡಕಿತ್ತು.

ಆದ್ದರಿಂದ ಚಿಕಿತ್ಸೆಯಲ್ಲಿ ಮೊದಲು ಸಾಕ್ಷ್ಯ, ಆಮೇಲೆ ಊಹೆ ಎಂಬ ಕ್ರಮವನ್ನು ಹಿಡಿದೆವು. ಒಂದು ಹಾಳೆಯಲ್ಲಿ ‘ಕಂಡದ್ದು’, ‘ಕೇಳಿದ್ದು’, ‘ಇರಬಹುದಾದದ್ದು’ ಎಂದು ಮೂರು ಅಂಕಣ ಮಾಡಿ ಅಜ್ಜಿಯ ಘಟನೆಯನ್ನೇ ಬರೆಸಿದೆ. ಮೋಡ, ತಾರಸಿಯ ಬಟ್ಟೆ, ಅಜ್ಜಿಯ ಕೈ ಮೊಣಕಾಲಿನ ಮೇಲೆ, ಅವರ ಕಣ್ಣು ಮೆಟ್ಟಿಲಿನತ್ತ ಎಂದು ಒಂದೊಂದನ್ನೇ ನೆನಪಿಸಿಕೊಂಡು ಬರೆಯುತ್ತ ಹೋದವನು ಮೂರನೆಯ ಅಂಕಣಕ್ಕೆ ಬಂದಾಗ ಪೆನ್ನು ನಿಲ್ಲಿಸಿ, ‘ಹಾಗಾದರೆ ನೇರವಾಗಿ ಯಾಕೆ ಕೇಳಲಿಲ್ಲ?’ ಎಂದ. ನ್ಯಾಯವಾದ ಪ್ರಶ್ನೆ. ಮೊಮ್ಮಗನ ಓದಿಗೆ ಅಡ್ಡಿಯಾಗಬಾರದೆಂಬ ಸಂಕೋಚ ಅವರಿಗಿದ್ದಿರಬಹುದು ಎಂದೆ, ಅದನ್ನೂ ಬರೆದುಕೊಂಡ. ಮೂರನೆಯ ಅಂಕಣದಲ್ಲಿ ಕನಿಷ್ಠ ಎರಡು ಸಾಧ್ಯತೆಗಳಿರಲೇಬೇಕೆಂಬ ನಿಯಮವನ್ನೂ ಇಟ್ಟೆವು, ಏಕೆಂದರೆ ಒಂದೇ ಊಹೆಗೆ ಅಂಟಿಕೊಳ್ಳುವುದೂ ಜಗಳಕ್ಕೆ ದಾರಿ. ಅಭ್ಯಾಸಕ್ಕೆ ಧಾರಾವಾಹಿಗಳನ್ನು ಬಿಟ್ಟೆವು, ಅಲ್ಲಿನ ಮುಖಗಳು ಎಲ್ಲವನ್ನೂ ಕೂಗಿ ಹೇಳುತ್ತವೆ. ನೂರರ ನೋಟು ಹಿಡಿದ ಪ್ರಯಾಣಿಕನಿಗೆ ಬಿಎಂಟಿಸಿ ನಿರ್ವಾಹಕರು ‘ಚಿಲ್ಲರೆ ಇಲ್ವಾ?’ ಎನ್ನುವಂಥ ದಿನನಿತ್ಯದ ಸನ್ನಿವೇಶಗಳನ್ನು ಆರಿಸಿಕೊಂಡೆವು.

ತನ್ನ ಭಾವನೆಗಳ ಬಗ್ಗೆ ಕೇಳಿದರೆ ಅವನ ಉತ್ತರ ಬಹುತೇಕ ‘ಬೇಜಾರು’ ಮಾತ್ರ. ಇಲ್ಲಿಯೂ ಸಾಕ್ಷ್ಯದಿಂದಲೇ ಹೊರಟೆವು: ಹೊಟ್ಟೆ ಕಿವುಚುತ್ತಿದೆಯೇ, ಕಿವಿ ಬಿಸಿಯಾಗಿದೆಯೇ, ಅದಕ್ಕೆ ಮುಂಚೆ ಏನಾಯಿತು? ಗ್ರಂಥಾಲಯದ ಮುಂದೆ ಕಾದಾಗ ತನಗೆ ಬಂದದ್ದು ಕೋಪವಲ್ಲ, ತನ್ನನ್ನು ಬೇಡವೆಂದರೇನೋ ಎಂಬ ಅವಮಾನ ಎಂದು ಅವನೇ ಗುರುತಿಸಿದ ಮೇಲೆ ಗೆಳೆಯನ ಕಡೆಯ ಕಾರಣಗಳನ್ನು ಯೋಚಿಸಲು ಒಪ್ಪಿದ.

ಪೋಷಕರಿಗೆ ನೀಡಿದ ಸಲಹೆಯನ್ನು ಅವರು ಆರಂಭದಲ್ಲಿ ಅಷ್ಟಾಗಿ ಇಷ್ಟಪಡಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಮಾತಾಡೆಂದು ಒತ್ತಾಯಿಸಬೇಡಿ, ಆ ಶ್ರಮದಲ್ಲಿ ಅವನು ಮಾತನ್ನೇ ಕಳೆದುಕೊಳ್ಳುತ್ತಾನೆ ಎಂದೆ. ತುರ್ತಿನ ವಿಷಯವನ್ನು ನೇರವಾಗಿ ಹೇಳಿ. ಸುತ್ತಿ ಬಳಸಿದ ಮಾತನ್ನು ಪುರುಸೊತ್ತಿರುವಾಗ ಮಾತ್ರ ಆಡಿ, ‘ನಾನು ಏನು ಕೇಳ್ತಿರಬಹುದು?’ ಎಂದು ನಗುತ್ತಲೇ ವಿಚಾರಿಸಿ. ‘ಅವರಿಗೆ ಹೇಗನಿಸಿರಬೇಡ!’ ಎಂಬುದು ಅವನ ಕಿವಿಗೆ ಬೈಗುಳ. ಅದರ ಬದಲು ‘ನೀನು ಏನು ನೋಡಿದೆ?’ ಎನ್ನಿ. ‘ಇವನೊಬ್ಬನೇ ಬದಲಾಗಬೇಕಲ್ಲವೇ?’ ಎಂದು ತಂದೆ ಕೇಳಿದರು. ಆಟಿಸಂ ಇರುವವರಿಗೆ ಉಳಿದವರು ಅರ್ಥವಾಗದಿರುವಷ್ಟೇ ಉಳಿದವರಿಗೆ ಅವರೂ ಅರ್ಥವಾಗುವುದಿಲ್ಲ ಎಂದು ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ಮಂಡಿಸಿದ ವಾದವನ್ನು ಅವರಿಗೆ ವಿವರಿಸಿದೆ.

ಹುಡುಗನಿಗೆ ಕೊಟ್ಟ ಸಲಹೆ ಚಿಕ್ಕದು: ಊಹೆ ಗಟ್ಟಿಯಾಗದಿದ್ದರೆ ಕೇಳಿಬಿಡು. ‘ನೀನು ಬರೋದು ಗ್ಯಾರಂಟಿನಾ? ಇಲ್ಲದಿದ್ರೆ ನಾನೊಬ್ಬನೇ ಹೋಗ್ತೀನಿ’ ಎಂಬ ವಾಕ್ಯವನ್ನು ಮುನಿಸಿನ ದನಿ ಬಾರದಂತೆ ಹೇಳಲು ಅಭ್ಯಾಸ ಮಾಡಿಸಿದೆ. ಗೆಳೆಯನೊಡನೆ ಮಾತು ಮತ್ತೆ ಶುರುವಾಗಿದೆ. ತರಗತಿಯ ವಾಟ್ಸಾಪ್ ಗುಂಪಿನ ಕೀಟಲೆ ಮಾತ್ರ ಇನ್ನೂ ಕಷ್ಟವೇ, ಅಲ್ಲಿ ದನಿಯೂ ಇಲ್ಲ, ಮುಖವೂ ಇಲ್ಲ. ಸದ್ಯಕ್ಕೆ ಅನುಮಾನ ಬಂದ ಸಂದೇಶಕ್ಕೆ ತಕ್ಷಣ ಉತ್ತರಿಸದೆ ಅಕ್ಕನಿಗೆ ತೋರಿಸುವುದೆಂದು ಗೊತ್ತುಮಾಡಿದ್ದೇವೆ.