ಬೆಂಗಳೂರಿನ ಮೇಲೆ ಎರಡನೇ ಮಹಾಯುದ್ಧದ ಪರಿಣಾಮವನ್ನು ಅಧ್ಯಯನ ಮಾಡುವುದು ಹೇಗೆ?

ಎಂ.ಎ. ಪ್ರಬಂಧಕ್ಕೆ ಈ ವಿಷಯ ಆರಿಸಿಕೊಂಡಿದ್ದೀರಿ. ಬೆಂಗಳೂರಿನಲ್ಲಿ ಕದನವೇ ನಡೆಯಲಿಲ್ಲವಲ್ಲ, ಏನನ್ನು ಅಳೆಯಲಿ ಎಂದು ಕೇಳಿದ್ದೀರಿ. ಯುದ್ಧ ಸಮಾಜವನ್ನು ಹೇಗೆ ಬದಲಿಸುತ್ತದೆ ಎಂದು ತಿಳಿಯಲು ಕದನ ನಡೆಯದ ಊರೇ ಹೆಚ್ಚು ಒದಗುತ್ತದೆ ಅನ್ನುವುದು ನನ್ನ ನಂಬಿಕೆ. ಜಗತ್ತಿನ ಯುದ್ಧ, ಸಂಘರ್ಷಗಳನ್ನು ಲೆಕ್ಕ ಇಡುವ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾಲಯದ ದತ್ತಾಂಶದಲ್ಲಿ ವರ್ಷಕ್ಕೆ 25 ಮಂದಿ ಕದನದಲ್ಲಿ ಸತ್ತರೆ ಅದು ಸಂಘರ್ಷ, 1000 ಮುಟ್ಟಿದರೆ ಯುದ್ಧ. ದೇಶಗಳನ್ನು ಹೋಲಿಸಲು ಇಂಥ ಅಳತೆ ಬೇಕು. ಆದರೆ 1942ರಲ್ಲಿ ಬರ್ಮಾ ಜಪಾನಿನ ಕೈಸೇರಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು, ಮರುವರ್ಷ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು. ಆ ಸಾವುಗಳು ಈ ಬಗೆಯ ಅಳತೆಗೆ ಸಿಗುವುದಿಲ್ಲ. ನೀವು ಹುಡುಕಬೇಕಾದದ್ದು ರೇಷನ್, ಬಾಡಿಗೆ, ಕೂಲಿ, ಕಾಯಿಲೆಯ ಕಡತಗಳಲ್ಲಿ.

ಮೊದಲು ಪ್ರಶ್ನೆಯನ್ನು ಕಿರಿದು ಮಾಡಿ. ‘ಸಮಾಜದ ಮೇಲಿನ ಪರಿಣಾಮ’ ಎಂದು ಹೊರಟರೆ ಎಲ್ಲಿಯೂ ಮುಟ್ಟುವುದಿಲ್ಲ. 1939ರಿಂದ 1945ರವರೆಗೆ ಕಾರ್ಖಾನೆಯ ಕೂಲಿ ರಾಗಿ ಬೆಲೆಯ ಜೊತೆಗೆ ಏರಿತೇ, ಹಿಂದೆ ಬಿತ್ತೇ? ಒಂದು ಪ್ರಬಂಧಕ್ಕೆ ಅಷ್ಟು ಸಾಕು.

ಹೆಚ್ಚಿನವರು ಎಡವುವುದು ಆಗ ಬೆಂಗಳೂರು ಎರಡಿತ್ತು ಎಂಬುದನ್ನು ಮರೆತು. ಪೇಟೆಯ ಕಡೆ ಮೈಸೂರು ಸಂಸ್ಥಾನದ್ದು. ದಂಡಿನ ಕಡೆ, ಅಂದರೆ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್, ಬ್ರಿಟಿಷ್ ರೆಸಿಡೆಂಟರ (ಸಂಸ್ಥಾನದಲ್ಲಿದ್ದ ಬ್ರಿಟಿಷ್ ಸರ್ಕಾರದ ಪ್ರತಿನಿಧಿಯ) ಆಡಳಿತದಲ್ಲಿತ್ತು. ಅದು ಸಂಸ್ಥಾನಕ್ಕೆ ಮರಳಿದ್ದು 1947ರಲ್ಲಿ, ಎರಡೂ ಸೇರಿ ಒಂದು ಕಾರ್ಪೊರೇಷನ್ ಆದದ್ದು 1949ರಲ್ಲಿ. 1941ರ ಜನಗಣತಿಯಲ್ಲಿ ನಗರಕ್ಕೆ, ಅಂದರೆ ಪೇಟೆಯ ಕಡೆಗೆ, ಸುಮಾರು 2.48 ಲಕ್ಷ ಜನ, ಸ್ಟೇಷನ್ನಿಗೆ 1.58 ಲಕ್ಷ. 1951ಕ್ಕೆ ಒಟ್ಟು 7.79 ಲಕ್ಷ. ನಗರದ ಸಂಖ್ಯೆಯನ್ನಷ್ಟೇ ಹಿಡಿದರೆ ಊರು ಮೂರು ಪಟ್ಟಾದಂತೆ ಕಾಣುತ್ತದೆ. ಎರಡನ್ನೂ ಕೂಡಿಸಿದರೆ ದುಪ್ಪಟ್ಟಿಗೂ ಕೊಂಚ ಕಡಿಮೆ.

ಆ ಏರಿಕೆಯನ್ನೂ ಪೂರ್ತಿ ಯುದ್ಧದ ಲೆಕ್ಕಕ್ಕೆ ಬರೆಯಬೇಡಿ. ವಿಮಾನ ಕಾರ್ಖಾನೆ ಹಿಂದುಸ್ತಾನ್ ಏರ್‌ಕ್ರಾಫ್ಟ್ ಶುರುವಾದದ್ದು 1940ರ ಡಿಸೆಂಬರಿನಲ್ಲಿ, ಯುದ್ಧದ ಬೇಡಿಕೆಗೇ. ಟೆಲಿಫೋನ್ ಕಾರ್ಖಾನೆ ಐಟಿಐ ಬಂದದ್ದು 1948ರಲ್ಲಿ. ಹತ್ತು ವರ್ಷದ ಗಣತಿ ಇವೆರಡನ್ನೂ ಒಂದೇ ಮೂಟೆಯಲ್ಲಿ ಕಟ್ಟಿಬಿಡುತ್ತದೆ. ಸಾಲದ್ದಕ್ಕೆ, ಯುದ್ಧದ ಕಾರಣ 1941ರ ಗಣತಿಯ ಕೋಷ್ಟಕಗಳನ್ನೇ ಮೊಟಕುಗೊಳಿಸಿದ್ದರು. ಹಾಗಾಗಿ ವಾರ್ಷಿಕ ಆಡಳಿತ ವರದಿಗಳಿಂದ ವರ್ಷ ವರ್ಷದ ಅಂಕಿ ತೆಗೆಯಿರಿ, ಪಕ್ಕದಲ್ಲಿ ಮೈಸೂರು ನಗರದ ಅಂಕಿಯನ್ನೂ ಇಡಿ. ಅಲ್ಲೂ ಪೇಟೆಯ ಕಡೆಗಿದ್ದ ಅದೇ ಅರಸರು, ಅದೇ ಕಾನೂನು, ಆದರೆ ಸೇನೆಯ ಒತ್ತಡ ಕಡಿಮೆ. ಎರಡರ ನಡುವಿನ ವ್ಯತ್ಯಾಸದ ಬಗ್ಗೆ ಮಾತ್ರ ಧೈರ್ಯವಾಗಿ ಮಾತಾಡಬಹುದು.

ಪೇಟೆಯ ಕಡತಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗಿ. ಮಾರ್ಗದರ್ಶಕರ ಪತ್ರ, ಗುರುತಿನ ಚೀಟಿ ಜೊತೆಗಿರಲಿ. ದಂಡಿನ ಕಡೆಗೆ ಸೇರಿದ ರೆಸಿಡೆನ್ಸಿ (ರೆಸಿಡೆಂಟರ ಕಚೇರಿಯ) ಕಡತಗಳಿಗೆ ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರವನ್ನು ನೋಡಬೇಕು. ಹೊರಡುವ ಮುಂಚೆ ಅವರ ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಹುಡುಕಿ, ಕಡತದ ಸಂಖ್ಯೆ ಬರೆದಿಟ್ಟುಕೊಳ್ಳಿ. ಬೆಲೆಗಳನ್ನು ನಕಲು ಮಾಡುವಾಗ ಅದು ಕಚ್ಚಾ ಸೇರೋ ಪಕ್ಕಾ ಸೇರೋ (ಎರಡರ ಅಳತೆ ಬೇರೆ ಬೇರೆ), ಸರ್ಕಾರಿ ದರವೋ ಪೇಟೆ ದರವೋ ಎಂದು ಪ್ರತಿ ಸಾಲಿನಲ್ಲೂ ಗುರುತು ಹಾಕಿ. ಕಾಳಸಂತೆಯ ದರ ವರದಿಗಳಲ್ಲಿ ಇರುವುದಿಲ್ಲ. ದಂಡ, ಮೊಕದ್ದಮೆಗಳ ಕಡತದಲ್ಲಿ ಅದರ ಸುಳಿವು ಹುಡುಕಬೇಕು.

ಪ್ರಜಾವಾಣಿ, ಡೆಕ್ಕನ್ ಹೆರಾಲ್ಡ್ ಎರಡೂ 1948ರಲ್ಲಿ ಶುರುವಾದವು, ಯುದ್ಧಕಾಲಕ್ಕೆ ಸಿಗವು. ಆಗಿನ ಪತ್ರಿಕೆಗಳ ಮೇಲೆ ಭಾರತ ರಕ್ಷಣಾ ನಿಯಮಗಳ ಕಡಿವಾಣವಿತ್ತು, ಆದ್ದರಿಂದ ಸುದ್ದಿ ಬಂದಿಲ್ಲ ಎಂದರೆ ಘಟನೆ ನಡೆದಿಲ್ಲ ಎಂದು ತಿಳಿಯುವಂತಿಲ್ಲ.

ಸಂದರ್ಶನ ಮಾಡುವುದಾದರೆ ಈಗ ಸಿಗುವವರು ಬಹುಪಾಲು ಆಗ ಮಕ್ಕಳಾಗಿದ್ದವರು. ಕಂಡದ್ದು, ಮನೆಯಲ್ಲಿ ಕೇಳಿದ್ದು, ಇವೆರಡನ್ನೂ ಟಿಪ್ಪಣಿಯಲ್ಲಿ ಬೇರೆ ಮಾಡಿ. ಒಪ್ಪಿಗೆ ಪತ್ರ ಅವರ ಭಾಷೆಯಲ್ಲೇ ಇರಲಿ. 1971ರ ಯುದ್ಧದಲ್ಲಿ ಅಥವಾ ಕಾರ್ಗಿಲ್‌ನಲ್ಲಿ ಮಗನನ್ನೋ ಗಂಡನನ್ನೋ ಕಳೆದುಕೊಂಡವರ ಕಡೆಗೆ ವಿಷಯ ಹೊರಳಿದರೆ ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಅನುಮತಿ ಪಡೆದೇ ಹೋಗಿ. ಅವರು ತಡವರಿಸಿದ ಕೂಡಲೇ ರೆಕಾರ್ಡರ್ ನಿಲ್ಲಿಸಿ, ಹೊರಡುವಾಗ ಮಾನಸಿಕ ಆರೋಗ್ಯಕ್ಕಾಗಿ ಇರುವ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಬರೆದುಕೊಟ್ಟು ಬನ್ನಿ.